ಎಣ್ಣೆಗೆ ಹಾಕುವ ಮಣ್ಣು

ಅಂಗಡಿಯಲ್ಲಿ ನೇತುಹಾಕಿದ ರಿಫೈನ್ಡ್ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಸೂರ್ಯಕಾಂತಿ ಹೂವಿರುತ್ತದೆ, ಕೆಂಪು ಹೃದಯದ ಚಿತ್ರವಿರುತ್ತದೆ, ವಿಟಮಿನ್ ಎ ಮತ್ತು ಡಿ ಸೇರಿಸಿದ ಸುದ್ದಿ ಇರುತ್ತದೆ. ಮಣ್ಣಿನ ಮಾತು ಎಲ್ಲೂ ಇರುವುದಿಲ್ಲ. ಆದರೆ ಆ ಎಣ್ಣೆ ಪ್ಯಾಕೆಟ್ಟಿಗೆ ಬರುವ ಮೊದಲು ಬೂದು ಬಣ್ಣದ ನುಣ್ಣನೆಯ ಮಣ್ಣಿನ ಜೊತೆ ಅರ್ಧ ಗಂಟೆ ಬಿಸಿಯಲ್ಲಿ ತಿರುಗಿರುತ್ತದೆ. ಆ ಮಣ್ಣಿನ ಚೀಲ ಬಿಚ್ಚುವುದು, ಅದರ ತೂಕ ಹೇಳುವುದು, ಅದು ತನ್ನ ಕೆಲಸ ಮಾಡಿತೋ ಇಲ್ಲವೋ ನೋಡುವುದು, ಇದೇ ನನ್ನ ದುಡಿಮೆಯ ವರ್ಷಗಳ ಬಹುಪಾಲು.

ನಾನು ಹುಟ್ಟಿ ಬೆಳೆದದ್ದು ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿ. ಆಗ ನಮ್ಮ ಕಡೆ ಟೊಮೆಟೊ ಇಷ್ಟು ಹಬ್ಬಿರಲಿಲ್ಲ. ಮಳೆ ನಂಬಿಕೊಂಡ ಕೆಂಪು ಹೊಲಗಳಲ್ಲಿ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಉಳಿದ ಹೊಲದಲ್ಲಿ ಕಳ್ಳೆಕಾಯಿ. ಹೆಚ್ಚಾಗಿ ಟಿ.ಎಂ.ವಿ.-2 ತಳಿ, ಚಿಕ್ಕ ಕಾಯಿ, ಎರಡು ಬೀಜ. ಕಾರ್ತಿಕದ ಹೊತ್ತಿಗೆ ಗಿಡ ಕಿತ್ತು, ಕಾಯಿ ಬಿಡಿಸಿ, ಕಣದಲ್ಲಿ ಹರವುತ್ತಿದ್ದರು. ಒಳ್ಳೆಯ ಕಾಯಿ ಮಂಡಿಗೆ, ಇನ್ನಷ್ಟು ಬೆಂಗಳೂರಿನ ಬಸವನಗುಡಿ ಪರಿಷೆಗೆ. ಮನೆಗೆ ಉಳಿಸಿಕೊಂಡದ್ದರಲ್ಲಿ ಬಿತ್ತನೆಗೆ ಎತ್ತಿಟ್ಟು, ಮಿಕ್ಕಿದ್ದನ್ನು ಅಪ್ಪ ಎಣ್ಣೆ ಆಡಿಸಿಕೊಂಡು ಬರುತ್ತಿದ್ದರು. ಟಿನ್ನಿನಲ್ಲಿ ಬಂದ ಎಣ್ಣೆ ಬಗ್ಗಡವಾಗಿರುತ್ತಿತ್ತು, ಹಸಿ ಕಾಯಿಯ ವಾಸನೆ ಹೊಡೆಯುತ್ತಿತ್ತು. ಅಜ್ಜಿ ಅದನ್ನು ಗಾಜಿನ ಜಾಡಿಗಳಿಗೆ ಬಗ್ಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಅಂಗಳದ ಬಿಸಿಲಿನಲ್ಲಿ ಇಡುತ್ತಿದ್ದರು. ಗಷ್ಟು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದುಕೊಂಡು ಪಿಂಗಾಣಿ ಭರಣಿಗೆ ತುಂಬಿ ಒಳಕೋಣೆಗೆ ಸೇರಿಸುತ್ತಿದ್ದರು. ಹಿಂಡಿ ಹಸುವಿಗೆ. ಗಷ್ಟನ್ನೂ ಎಸೆಯುತ್ತಿರಲಿಲ್ಲ, ಗಾಡಿ ಅಚ್ಚಿಗೆ ಹೋಗುತ್ತಿತ್ತು.

ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಹೊರಗಿದ್ದ ಒಂದು ಎಣ್ಣೆ ರಿಫೈನರಿಯ ಲ್ಯಾಬಿಗೆ ಸೇರಿದೆ. ಎಣ್ಣೆಬೀಜಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿದ್ದ ಕಾಲ ಅದು. 1986ರಲ್ಲಿ ಕೇಂದ್ರದ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಬಂತು, ರಾಜ್ಯದಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಕೆಲಸ ಮಾಡುತ್ತಿತ್ತು, ಬಯಲುಸೀಮೆಯ ಹೊಲಗಳೆಲ್ಲ ಸೂರ್ಯಕಾಂತಿಯಿಂದ ಹಳದಿಯಾಗಿದ್ದವು. ಚಳ್ಳಕೆರೆಯ ಮಿಲ್ಲುಗಳಿಂದ ಟ್ಯಾಂಕರಿನಲ್ಲಿ ಬರುವ ಕಳ್ಳೆಕಾಯಿ ಎಣ್ಣೆಯನ್ನೂ ಸೂರ್ಯಕಾಂತಿ ಎಣ್ಣೆಯನ್ನೂ ನಾವು ಶುದ್ಧ ಮಾಡುತ್ತಿದ್ದೆವು.

ಕೆಲಸದ ಕ್ರಮ ಹೀಗೆ. ಮೊದಲು ಫಾಸ್ಫಾರಿಕ್ ಆಸಿಡ್ ಹಾಕಿ ಎಣ್ಣೆಯ ಅಂಟು ತೆಗೆಯುವುದು. ಆಮೇಲೆ ಕಾಸ್ಟಿಕ್ ಸೋಡಾ ಕೊಟ್ಟರೆ ಎಣ್ಣೆಯಲ್ಲಿರುವ ಹುಳಿ ಸೋಪಾಗಿ ಕೆಳಗಿಳಿಯುತ್ತದೆ. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಎಣ್ಣೆ ಬ್ಲೀಚರಿಗೆ ಬರುತ್ತದೆ. ಅಲ್ಲಿಂದ ಮುಂದೆ ಡಿಯೋಡರೈಸರ್. 220 ಡಿಗ್ರಿಗೂ ಮೇಲಿನ ಬಿಸಿಯಲ್ಲಿ, ಗಾಳಿ ಎಳೆದ ಪಾತ್ರೆಯಲ್ಲಿ, ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಹೊರಗಿನವರು ನೋಡಲು ಬಂದರೆ ಎಲ್ಲರೂ ಡಿಯೋಡರೈಸರಿನ ಎತ್ತರವನ್ನೇ ತೋರಿಸುತ್ತಿದ್ದರು. ನನಗೆ ಮಾತ್ರ ಬ್ಲೀಚರ್ ಮೊದಲಿನಿಂದಲೂ ದೊಡ್ಡದಾಗಿ ಕಂಡಿದೆ. ಅಲ್ಲಿ ಕೆಟ್ಟ ಎಣ್ಣೆಯನ್ನು ಮುಂದೆ ಯಾವ ಹಬೆಯೂ ಸರಿ ಮಾಡುವುದಿಲ್ಲ.

ಮಣ್ಣು ಗುಜರಾತಿನಿಂದ ಬರುತ್ತಿತ್ತು. ಕಛ್‌ನಲ್ಲಿ ಬೆಂಟೊನೈಟ್ ಎಂಬ ಜೇಡಿ ನೆಲದಲ್ಲೇ ಸಿಗುತ್ತದೆ. ನೀರು ಕುಡಿದರೆ ಉಬ್ಬುವ ಜಾತಿಯದು. ಅದನ್ನು ಗಂಧಕಾಮ್ಲದಲ್ಲೋ ಹೈಡ್ರೋಕ್ಲೋರಿಕ್ ಆಮ್ಲದಲ್ಲೋ ಬೇಯಿಸಿ, ತೊಳೆದು, ಒಣಗಿಸಿ, ಹಿಟ್ಟು ಮಾಡುತ್ತಾರೆ. ಜೇಡಿಯ ಪದರಗಳ ನಡುವೆ ಕೂತಿದ್ದ ಕ್ಯಾಲ್ಸಿಯಂ, ಸೋಡಿಯಂ ಆಮ್ಲಕ್ಕೆ ಜಾಗ ಬಿಟ್ಟು ಹೊರಡುತ್ತವೆ. ಪದರದೊಳಗಿನ ಅಲ್ಯುಮಿನಿಯಂ, ಮೆಗ್ನೀಷಿಯಂ ಕೂಡ ಒಂದಷ್ಟು ಕರಗಿ ಹೋಗುತ್ತದೆ. ಅವು ಬಿಟ್ಟುಹೋದ ಕಡೆ ಸಣ್ಣ ಸಣ್ಣ ತೂತು. ಹೀಗೆ ಹದ ಮಾಡಿದ ಒಂದು ಗ್ರಾಂ ಮಣ್ಣಿನ ಒಳಮೈಯನ್ನೆಲ್ಲ ಹರಡಿದರೆ 200ರಿಂದ 300 ಚದರ ಮೀಟರ್ ಆಗುತ್ತದೆ. ನಮ್ಮೂರಿನ ಹುಡುಗರಿಗೆ ಇದನ್ನು ಹೇಳುವಾಗ 30-40ರ ಸೈಟಿನ ಲೆಕ್ಕ ಕೊಡುತ್ತೇನೆ: ಒಂದು ಚಿಟಿಕೆ ಮಣ್ಣಿನೊಳಗೆ ಎರಡು ಸೈಟು. ಎಣ್ಣೆಯ ಬಣ್ಣ, ಅಳಿದುಳಿದ ಸೋಪು, ಅಂಟು, ಕಬ್ಬಿಣ-ತಾಮ್ರದ ಅಂಶ ಎಲ್ಲ ಬಂದು ಆ ಜಾಗದಲ್ಲಿ ಕೂರುತ್ತವೆ.

ರಜಕ್ಕೆ ಊರಿಗೆ ಹೋದಾಗ ಅಜ್ಜಿ ಕೇಳಿದರು, "ಏನಪ್ಪಾ ಅಲ್ಲಿ ನಿನ್ನ ಕೆಲಸ?" ಎಣ್ಣೆಗೆ ಮಣ್ಣು ಹಾಕಿ ತಿಳಿ ಮಾಡುತ್ತೇವೆ ಅಂದೆ. ಅಜ್ಜಿಯ ಮುಖ ಗಂಭೀರವಾಯಿತು. "ತಿನ್ನೋ ಪದಾರ್ಥಕ್ಕೆ ಮಣ್ಣು ಹಾಕ್ತಾರೇನೋ? ಅದಕ್ಕಾ ಅಷ್ಟು ಓದಿದ್ದು?" ನಾನು ಜೇಡಿಯ ಗುಣ ಹೇಳಿದೆ, ಸೋಸುವುದನ್ನು ಹೇಳಿದೆ. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಬಿಟ್ಟು, "ಅಗಸರು ಚೌಳು ಮಣ್ಣಲ್ಲಿ ಬಟ್ಟೆ ಜಿಡ್ಡು ತೆಗೀತಿದ್ರಲ್ಲ, ಹಂಗೇನು?" ಎಂದರು. ಚೌಳಿನ ಕೆಲಸ ಕ್ಷಾರದ್ದು, ಇದರದು ಬೇರೆ. ಆದರೂ ಮಣ್ಣು ಜಿಡ್ಡನ್ನು ಹಿಡಿಯುತ್ತದೆ ಎನ್ನುವುದು ಅವರಿಗೆ ಹೊಸದಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಉಣ್ಣೆಯ ಜಿಡ್ಡು ತೆಗೆಯಲು ಬಳಸುತ್ತಿದ್ದ ಮಣ್ಣನ್ನೇ 19ನೆಯ ಶತಮಾನದ ಕೊನೆಗೆ ಅಮೆರಿಕದವರು ಹತ್ತಿಬೀಜದ ಎಣ್ಣೆಗೆ ಹಾಕಲು ಶುರು ಮಾಡಿದ್ದು. ಆಮ್ಲದಲ್ಲಿ ಬೇಯಿಸಿ ಅದರ ಶಕ್ತಿ ಹೆಚ್ಚಿಸುವ ವಿದ್ಯೆ ಆಮೇಲೆ ಜರ್ಮನಿಯ ಬವೇರಿಯಾದಲ್ಲಿ ಬೆಳೆಯಿತು. ಹೆಸರಾಂತ ಕೆಮಿಸ್ಟರೂ ನಮ್ಮಜ್ಜಿಯೂ ಒಂದೇ ದಾರಿಯಲ್ಲಿ ಯೋಚಿಸಿದ್ದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಆ ಸಲ ಹೊರಡುವಾಗ ನಮ್ಮ ಕಡೆಯ ಕೆರೆಯ ಗೋಡನ್ನೂ ಹೊಲದ ಕೆಂಪು ಮಣ್ಣನ್ನೂ ಒಂದೊಂದು ಚೀಲ ತಂದಿದ್ದೆ. ಲ್ಯಾಬಿನಲ್ಲಿ ಎರಡನ್ನೂ ಜರಡಿ ಹಿಡಿದು, ಆಸಿಡ್ಡಿನಲ್ಲಿ ಬೇಯಿಸಿ, ಹುಳಿ ಹೋಗುವವರೆಗೆ ತೊಳೆದು ಒಣಗಿಸಿ, ಬೀಕರಿನ ಎಣ್ಣೆಗೆ ಹಾಕಿ ನೋಡಿದೆ. ಕೆಂಪು ಮಣ್ಣು ಏನೂ ಮಾಡಲಿಲ್ಲ. ಅದರ ಜೇಡಿ ಕೇಯೊಲಿನೈಟ್ ಜಾತಿಯದು, ಪದರಗಳು ಬಿಗಿ, ಒಳಗೆ ಜಾಗವಿಲ್ಲ. ಮಾಲೂರಿನ ಹೆಂಚು, ಇಟ್ಟಿಗೆ ಗಟ್ಟಿಯಾಗಿ ನಿಲ್ಲುವ ನಾಡಿನ ಮಣ್ಣು ಎಣ್ಣೆಯ ಮುಂದೆ ಸುಮ್ಮನೆ ಕೂತಿತು. ಕೆರೆಯ ಗೋಡು ಮಾತ್ರ ಬಣ್ಣವನ್ನು ಒಂದಿಷ್ಟು ಇಳಿಸಿತು, ಕಛ್‌ನ ಮಣ್ಣಿನ ಹತ್ತಿರಕ್ಕೂ ಬರಲಿಲ್ಲ. ನಮ್ಮ ಚೀಫ್ ಕೆಮಿಸ್ಟ್ ಆ ಬೀಕರನ್ನು ಬೆಳಕಿಗೆ ಹಿಡಿದು, "ನಿಮ್ಮೂರ ಕೆರೆ ಪರವಾಗಿಲ್ಲ ಕಣ್ರೀ" ಅಂದರು. ಅದರಿಂದ ಕಾರ್ಖಾನೆಗೆ ಏನೂ ಆಗಲಿಲ್ಲ. ಮಣ್ಣುಮಣ್ಣಿಗೆ ಎಷ್ಟು ವ್ಯತ್ಯಾಸ ಎಂಬುದು ನನ್ನ ಕೈಗೆ ತಿಳಿಯಿತು.

ಬ್ಲೀಚಿಂಗ್ ನನಗೆ ಕಲಿಸಿದವರು ಫಿಲ್ಟರ್ ಪ್ರೆಸ್ಸಿನ ಮೇಸ್ತ್ರಿ. ಓದು ಬರಹ ಕಡಿಮೆ, ಎಣ್ಣೆ ಮಿಲ್ಲಿನಲ್ಲೇ ತಲೆ ನರೆತಿತ್ತು. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದೆವು, ಮ್ಯಾನೇಜರೂ ಸೇರಿ. ಅವರ ಮೊದಲ ಪಾಠ: ಒದ್ದೆ ಎಣ್ಣೆಗೆ, ಸೋಪು ಉಳಿದ ಎಣ್ಣೆಗೆ ಮಣ್ಣು ಹಾಕಬಾರದು. ಸೋಪು ಮೊದಲು ಬಂದು ಮಣ್ಣಿನ ತೂತುಗಳನ್ನು ಮುಚ್ಚಿಬಿಟ್ಟರೆ ಬಣ್ಣಕ್ಕೆ ಜಾಗ ಎಲ್ಲಿ? ಎರಡನೆಯದು: ಗಾಳಿ. ಬ್ಲೀಚರಿನ ವ್ಯಾಕ್ಯೂಮ್ ಕುಸಿದಿರುವಾಗ ಎಣ್ಣೆಯ ಬಿಸಿ ಏರಿಸಿದರೆ ಬಣ್ಣ ಎಣ್ಣೆಯಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಚೀಲಗಟ್ಟಲೆ ಮಣ್ಣು ಸುರಿದರೂ ಆ ಕೆಂಪು ಬಿಡುವುದಿಲ್ಲ. 80 ಡಿಗ್ರಿ ಹತ್ತಿರ ಮಣ್ಣು ಕೊಟ್ಟು, 100 ದಾಟಿಸಿ, ಇಪ್ಪತ್ತು ಮೂವತ್ತು ನಿಮಿಷ ತಿರುಗಿಸಿ, ಮತ್ತೆ ತಣಿಸಿ ಪ್ರೆಸ್ಸಿಗೆ ಬಿಡಬೇಕು. ಇಷ್ಟು ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಇಲ್ಲದ್ದು ಪ್ರೆಸ್ಸಿನ ನಲ್ಲಿಗಳ ಮುಂದಿನ ಅವರ ನಿಲುವು.

ಪ್ರೆಸ್ ಎಂದರೆ ಸಾಲಾಗಿ ಜೋಡಿಸಿದ ಕಬ್ಬಿಣದ ಪ್ಲೇಟುಗಳು, ಪ್ರತಿ ಪ್ಲೇಟಿಗೂ ದಪ್ಪ ಬಟ್ಟೆ, ಪ್ರತಿ ಪ್ಲೇಟಿನ ಕೆಳಗೂ ಒಂದು ನಲ್ಲಿ. ಪಂಪು ಶುರುವಾದರೆ ಮೊದಲು ಎಲ್ಲ ನಲ್ಲಿಗಳಲ್ಲೂ ಕಪ್ಪಗೆ ಮಣ್ಣು ಮಿಶ್ರಿತ ಎಣ್ಣೆ. ಅದು ವಾಪಸ್ ಬ್ಲೀಚರಿಗೆ. ಬಟ್ಟೆಯ ಮೇಲೆ ಮಣ್ಣೇ ಒಂದು ಪದರ ಕಟ್ಟಿದ ಮೇಲೆ ಆ ಪದರವೇ ಜರಡಿಯಾಗಿ, ಎಣ್ಣೆ ಒಂದೊಂದೇ ನಲ್ಲಿಯಲ್ಲಿ ತಿಳಿಯಾಗುತ್ತ ಬರುತ್ತದೆ. ಅಣ್ಣ ಸಾಲಿನ ಉದ್ದಕ್ಕೂ ನಡೆಯುತ್ತ ಪ್ರತಿ ನಲ್ಲಿಯ ಕೆಳಗೂ ಗಾಜಿನ ನಳಿಗೆ ಹಿಡಿದು, ಬಿಳಿ ಟೈಲ್ಸಿನ ಗೋಡೆಯ ಮುಂದೆ ಎತ್ತಿ ನೋಡುತ್ತಿದ್ದರು. ಒಂದು ನಲ್ಲಿಯಲ್ಲಿ ಮಬ್ಬು ಕಂಡರೆ ಆ ಪ್ಲೇಟಿನ ಬಟ್ಟೆ ಹರಿದಿದೆ ಅಂತ. ತಕ್ಷಣ ಆ ನಲ್ಲಿ ಬಂದ್. ನಾನು ಲ್ಯಾಬಿನಲ್ಲಿ ಸೋಸುಕಾಗದ ಇಟ್ಟು ಮಣ್ಣಿನ ಕಣ ಹುಡುಕುವಷ್ಟರಲ್ಲಿ ಅವರು ಯಾವ ಪ್ಲೇಟು ಎಂದು ಹೇಳಿ ಮುಗಿಸಿರುತ್ತಿದ್ದರು.

ನನ್ನ ಕೈಯಲ್ಲಿದ್ದದ್ದು ಲೊವಿಬಾಂಡ್ ಟಿಂಟೋಮೀಟರ್. ಇಂಗ್ಲೆಂಡಿನ ಜೋಸೆಫ್ ಲೊವಿಬಾಂಡ್ ಎಂಬ ಬಿಯರ್ ತಯಾರಕ 1880ರ ದಶಕದಲ್ಲಿ ತನ್ನ ಬಿಯರಿನ ಬಣ್ಣ ಅಳೆಯಲು ಮಾಡಿಕೊಂಡ ಸಾಧನ ಅದು. ಐದೂಕಾಲು ಇಂಚು ಉದ್ದದ ಗಾಜಿನ ಸೆಲ್ಲಿನಲ್ಲಿ ಎಣ್ಣೆ ತುಂಬಿ, ಕಿಂಡಿಯಲ್ಲಿ ಕಣ್ಣಿಟ್ಟು, ಕೆಂಪು ಮತ್ತು ಹಳದಿ ಗಾಜುಗಳನ್ನು ಸರಿಸುತ್ತ ಎಣ್ಣೆಯ ಬಣ್ಣಕ್ಕೆ ಜೋಡಿ ಮಾಡಬೇಕು. ಹಳದಿಯ ಅಂಕಿಗೆ ಕೆಂಪಿನ ಐದರಷ್ಟನ್ನು ಕೂಡಿಸಿದರೆ ಬರುವುದೇ ಬಣ್ಣದ ಲೆಕ್ಕ. ಮಾರಾಟದವರಿಗೆ ಬೇಕಾದ್ದು ಆ ಒಂದು ಅಂಕಿ. ಅದು ಇಳಿದಷ್ಟೂ ಅವರಿಗೆ ಸಂತೋಷ.

ಇಲ್ಲೇ ನನ್ನ ಮನಸ್ಸಿನ ಮಾತು ಇರುವುದು. ಮಣ್ಣಿನ ನಿಜವಾದ ಕೆಲಸ ಎಣ್ಣೆಯನ್ನು ಬಿಳುಪು ಮಾಡುವುದಲ್ಲ. ಕಣ್ಣಿಗೆ ಕಾಣದ ಸೋಪು, ಅಂಟು, ಎಣ್ಣೆಯನ್ನು ಬೇಗ ಕಮಟು ಮಾಡುವ ಲೋಹದ ಅಂಶ, ಆಗಲೇ ಶುರುವಾಗಿರುವ ಕಮಟಿನ ಬೇರಾದ ಪೆರಾಕ್ಸೈಡ್, ಇವನ್ನೆಲ್ಲ ತೆಗೆಯುವುದೇ ಅದರ ಹಿರಿಮೆ. ಇವೆಲ್ಲ ಹೋಗುವಾಗ ಬಣ್ಣವೂ ಒಂದಷ್ಟು ಹೋಗುತ್ತದೆ. ಕಳ್ಳೆಕಾಯಿ ಎಣ್ಣೆಯ ತಿಳಿ ಹೊಂಬಣ್ಣ ಯಾರಿಗೂ ಕೇಡಲ್ಲ. ಆದರೆ ಪೇಟೆಗೆ ನೀರಿನಂಥ ಎಣ್ಣೆ ಬೇಕಾಯಿತು. ನೂರಕ್ಕೆ ಒಂದು ಪಾಲು ಮಣ್ಣು ಸಾಕಾಗುವ ಕಡೆ ಎರಡು ಹಾಕಿ ಎಂದು ಒತ್ತಾಯ ಬಂತು. ಹುಳಿ ಗುಣದ ಮಣ್ಣು ಹೆಚ್ಚಾದರೆ ಎಣ್ಣೆಯ ಹುಳಿಯೇ ಏರುತ್ತದೆ. ಎಣ್ಣೆಯನ್ನು ಕಾಯುವ ಅದರ ಸಹಜ ವಿಟಮಿನ್ ಇ ಕೂಡ ಸ್ವಲ್ಪ ಮಣ್ಣಿನ ಪಾಲಾಗುತ್ತದೆ. ಪ್ರೆಸ್ಸಿನಿಂದ ಬೀಳುವ ಹಳೆ ಮಣ್ಣು ತನ್ನ ತೂಕದ ಕಾಲು ಭಾಗದಷ್ಟು ಎಣ್ಣೆಯನ್ನು ಹೀರಿಕೊಂಡೇ ಹೋಗುತ್ತದೆ. ಹತ್ತು ಟನ್ ಎಣ್ಣೆಗೆ ಎರಡು ಪಾಲಿನಂತೆ 200 ಕೆಜಿ ಮಣ್ಣು ಹಾಕಿದರೆ ಸುಮಾರು 50 ಕೆಜಿ ಎಣ್ಣೆ ಹೋಯಿತು. ಅಷ್ಟು ಎಣ್ಣೆಗೆ ನಮ್ಮ ಕಡೆ ಎಷ್ಟು ಹೊಲದ ಕಾಯಿ ಬೇಕು ಎಂಬುದು ನನಗೆ ಗೊತ್ತಿತ್ತು. ಮಳೆ ಕೈಕೊಟ್ಟ ವರ್ಷ ಕಾಯಿ ಬಿಡಿಸುವ ಹೆಂಗಸರ ಬೆರಳು ಹೇಗಿರುತ್ತಿತ್ತು ಎಂಬುದೂ ಗೊತ್ತಿತ್ತು. ಅದಕ್ಕೇ ಮಣ್ಣಿನ ತೂಕದ ವಿಷಯದಲ್ಲಿ ನಾನೂ ಅಣ್ಣನೂ ಜಗಳಕ್ಕೆ ನಿಲ್ಲುತ್ತಿದ್ದೆವು. "ಸಾಕು ಅಂದಮೇಲೆ ಸಾಕು ಸಾರ್, ಹೆಚ್ಚಿಗೆ ಮಣ್ಣು ಎಣ್ಣೆ ತಿನ್ನುತ್ತೆ," ಅನ್ನುವುದು ಅವರ ಕೊನೆಯ ಮಾತು.

ಎಣ್ಣೆ ಕುಡಿದ ಆ ಮಣ್ಣಿಗೆ ಇನ್ನೊಂದು ಗುಣವಿದೆ, ಅದು ತಾನಾಗಿ ಕಾಯುತ್ತದೆ. ಅಷ್ಟು ವಿಶಾಲವಾದ ಒಳಮೈಯಲ್ಲಿ ತೆಳ್ಳಗೆ ಹರಡಿದ ಎಣ್ಣೆಗೆ ಗಾಳಿ ತಾಗುತ್ತಲೇ ಶಾಖ ಹುಟ್ಟುತ್ತದೆ. ರಾಶಿಯೊಳಗಿನ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಕಳ್ಳೆಕಾಯಿ ಎಣ್ಣೆಯ ಮಣ್ಣು ನಿಧಾನ, ಸೂರ್ಯಕಾಂತಿಯದು ಬಲು ಬೇಗ. ನಾನು ಆಮೇಲೆ ಕೆಲಸ ಮಾಡಿದ ಇನ್ನೊಂದು ಕಡೆ ಬೇಸಗೆಯಲ್ಲಿ ಇಂಥ ರಾಶಿ ಹಿತ್ತಲಿನಲ್ಲಿ ಬೆಳೆಯುತ್ತ ಹೋಗಿ, ಒಂದು ರಾತ್ರಿ ವಾಚ್‌ಮನ್ ಓಡಿ ಬಂದ. ಜ್ವಾಲೆ ಇರಲಿಲ್ಲ. ರಾಶಿಯ ಮೈಯ ಬಿರುಕುಗಳಲ್ಲಿ ಹೊಗೆ, ಒಳಗೆ ಸಲಿಕೆ ಹಾಕಿದರೆ ಕೆಂಡ. ಕೆದಕಿದಷ್ಟೂ ಗಾಳಿ ಸಿಕ್ಕಿ ಹೊತ್ತಿಕೊಳ್ಳುತ್ತಿತ್ತು. ಸುತ್ತಲಿನ ಖಾಲಿ ಟಿನ್ನು, ಮರದ ಸಾಮಾನು ಎಳೆದು ಹಾಕಿ, ನೀರು ಹಾಯಿಸುತ್ತ, ತೆಳ್ಳಗೆ ಎಳೆಎಳೆದು ಹರವುತ್ತ ಬೆಳಗು ಮಾಡಿದೆವು. ಯಾರಿಗೂ ಏನೂ ಆಗಲಿಲ್ಲ. ರಾಶಿ ಹಾಕಬೇಡಿ, ಹರವಿ ನೀರು ಚಿಮುಕಿಸಿ, ದಿನದ ಮಣ್ಣು ದಿನವೇ ಸಾಗಿಸಿ ಎಂದು ಪ್ರೆಸ್ಸಿನ ಹುಡುಗರು ಮೊದಲೇ ಹೇಳಿದ್ದರು. ಪ್ರೆಸ್ ಬಿಚ್ಚಿ, ಬಿಸಿ ಪ್ಲೇಟುಗಳಿಂದ ಆ ಕಪ್ಪು ರೊಟ್ಟಿಯನ್ನು ಕೆರೆಯುವವರು ಅವರು. ಮಣ್ಣಿನ ಧೂಳು ಕುಡಿಯುವವರೂ ಅವರೇ. ಅವರ ಮಾತಿಗೆ ಬೆಲೆ ಬಂದದ್ದು ಆ ರಾತ್ರಿಯ ಮೇಲೆ. ಆಮೇಲೆ ಇಟ್ಟಿಗೆ ಗೂಡಿನವರ ಲಾರಿ ದಿನಾ ಬಂದು ಹೊತ್ತೊಯ್ಯತೊಡಗಿತು. ಮಣ್ಣಿನಲ್ಲಿ ಉಳಿದ ಎಣ್ಣೆ ಅವರಿಗೆ ಸೌದೆಯ ಬದಲು ಆಗುತ್ತಿತ್ತು.

1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ನಮ್ಮ ಟ್ಯಾಂಕರುಗಳ ದಿಕ್ಕು ಬದಲಾಯಿತು. ಚಳ್ಳಕೆರೆಯ ಬದಲು ಬಂದರುಗಳಿಂದ ಎಣ್ಣೆ ಬಂತು. 1998ರಲ್ಲಿ ದಿಲ್ಲಿಯಲ್ಲಿ ದತ್ತೂರಿ ಬೆರೆತ ಸಾಸಿವೆ ಎಣ್ಣೆ ತಿಂದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಖಾದ್ಯತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಹೊರಟಿತು. ಬಿಡಿ ಎಣ್ಣೆಯ ಮೇಲೆ ಜನರ ನಂಬಿಕೆ ಹೋಯಿತು, ಪ್ಯಾಕೆಟ್ಟಿನ ಬಿಳುಪೇ ಶುದ್ಧಿಯ ಗುರುತಾಯಿತು. ಕ್ಯಾಲನೂರಿನ ನಮ್ಮ ಮನೆಯಲ್ಲೂ ಪ್ಯಾಕೆಟ್ ಬಂತು. ಹೊಲಕ್ಕೆ ಕೊಳವೆಬಾವಿ ಬಂತು, ಕಳ್ಳೆಕಾಯಿ ಹೋಗಿ ಟೊಮೆಟೊ ಬಂತು.

ಹಾಗೆಂದು ಹಳೆಯ ಗಾಣದ ಎಣ್ಣೆಯೆಲ್ಲ ಅಮೃತ, ರಿಫೈನ್ಡ್ ಎಲ್ಲ ವಿಷ ಎಂದು ಈಗ ಹೇಳುತ್ತಿರುವವರ ಜೊತೆ ನಾನು ಸೇರಲಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ್ದ ಕಳ್ಳೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್, ಯಕೃತ್ತಿಗೆ ಕ್ಯಾನ್ಸರ್ ತರುವಂಥದ್ದು. ಬೂಷ್ಟು ಹಿಡಿದ ಬೀಜ ಆಡಿಸಿದರೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದರೂ ಒಂದು ಪಾಲು ಎಣ್ಣೆಗೂ ಬರುತ್ತದೆ. ಕಾಸ್ಟಿಕ್ ಮತ್ತು ಮಣ್ಣು ಎರಡೂ ಸೇರಿ ಅದನ್ನು ಎಣ್ಣೆಯಿಂದ ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಡುತ್ತವೆ. ಮಣ್ಣಿನ ಮೇಲೆ ನನಗೆ ಗೌರವ ಹೆಚ್ಚಿದ್ದು ಇದನ್ನು ಓದಿದ ಮೇಲೆ. ಹಿಂಡಿಯ ವಿಷವನ್ನು ಮಾತ್ರ ಅಷ್ಟು ಸುಲಭವಾಗಿ ತೆಗೆಯಲಾಗುವುದಿಲ್ಲ. ಹಸು ತಿಂದ ಹಿಂಡಿಯ ಅಫ್ಲಾಟಾಕ್ಸಿನ್ ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತದೆ. ಮನೆಮನೆಯಲ್ಲೂ ಡೇರಿಗೆ ಹಾಲು ಹಾಕುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಅಜ್ಜಿಯ ಬಿಸಿಲಿನ ಜಾಡಿಗಳ ಅರ್ಥ ನನಗೆ ಹೊಳೆದದ್ದು ಕೂಡ ಆಗಲೇ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು 1970ರ ದಶಕದಲ್ಲಿ ಕಳ್ಳೆಕಾಯಿ ಎಣ್ಣೆಯನ್ನು ಗಾಜಿನಲ್ಲಿಟ್ಟು ಬಿಸಿಲಿಗೆ ಒಡ್ಡಿ, ಅಫ್ಲಾಟಾಕ್ಸಿನ್ ಬೆಳಕಿನಿಂದ ನಾಶವಾಗುವುದನ್ನು ತೋರಿಸಿದ್ದರು. ಅಜ್ಜಿಗೆ ಈ ವಿಷದ ಹೆಸರು ಗೊತ್ತಿರಲಿಲ್ಲ, ಅವರು ಇಟ್ಟದ್ದು ಗಷ್ಟು ಇಳಿಯಲಿ ಅಂತ. ಆದರೆ ಬಿಸಿಲು ಅವರಿಗೆ ತಿಳಿಯದಂತೆ ಇನ್ನೊಂದು ಉಪಕಾರ ಮಾಡುತ್ತಿತ್ತು. ಬಿಸಿಲು ಹೆಚ್ಚಾದರೆ ಎಣ್ಣೆ ಕಮಟಾಗುತ್ತದೆ ಎಂಬುದು ಅವರಿಗೆ ಮೂಗಿನಿಂದಲೇ ಗೊತ್ತಿತ್ತು. ತಿಳಿಯಾದ ಕೂಡಲೇ ಭರಣಿಗೆ ತುಂಬಿ ಕತ್ತಲ ಕೋಣೆಗೆ ಒಯ್ಯುತ್ತಿದ್ದದ್ದು ಅದಕ್ಕೆ.

ನಿವೃತ್ತಿಯ ನಂತರ ಊರಿಗೆ ಬಂದಾಗ, ನಮ್ಮ ನಂಟರ ಹುಡುಗನೊಬ್ಬ ಮೋಟರಿನ ಮರದ ಗಾಣ ಹಾಕಿಕೊಂಡಿದ್ದ. ಒಳ್ಳೆಯ ವ್ಯಾಪಾರ, ಬೆಂಗಳೂರಿನಿಂದಲೂ ಗಿರಾಕಿಗಳು. "ದೊಡ್ಡಪ್ಪ, ಮಣ್ಣು ಹಾಕಿ ಬಣ್ಣ ಸ್ವಲ್ಪ ಇಳಿಸೋಕೆ ಆಗಲ್ವಾ? ಕೆಲವರು ಎಣ್ಣೆ ಡಾರ್ಕ್ ಇದೆ ಅಂತಾರೆ," ಎಂದು ಕೇಳಿದ. ವ್ಯಾಕ್ಯೂಮ್ ಇಲ್ಲದೆ, ಪ್ರೆಸ್ ಇಲ್ಲದೆ ಮಣ್ಣಿನ ತಂಟೆಗೆ ಹೋಗಬೇಡ ಅಂದೆ. ಬಾಣಲೆಯಲ್ಲಿ ಬಿಸಿ ಮಾಡಿ ಮಣ್ಣು ಕಲೆಸಿದರೆ ಬಣ್ಣ ಕಚ್ಚುತ್ತದೆ, ಬಟ್ಟೆಯಲ್ಲಿ ಸೋಸಿದರೆ ಮಣ್ಣು ಉಳಿಯುತ್ತದೆ. ಅವನ ಗೋಡೌನಿಗೆ ಹೋಗಿ ಮೂಟೆಯೊಳಗೆ ಕೈ ಹಾಕಿದೆ. ಬೀಜ ತಣ್ಣಗಿತ್ತು, ಅಂಗೈಗೆ ತೇವ ತಾಗಿತು. ಬೊಗಸೆಯಲ್ಲಿ ಎತ್ತಿದರೆ ನಡುನಡುವೆ ಸುಕ್ಕಿದ್ದು, ಕಪ್ಪಾದದ್ದು, ಒಂದೆರಡರ ಮೂತಿಯಲ್ಲಿ ಹಸಿರು ಬೂಷ್ಟು.

ಸಿಪ್ಪೆ ಬಿಡಿಸುವ ಮುಂಚೆ ಕಾಯಿಗೆ ನೀರು ಚಿಮುಕಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಬೀಜ ಇಡಿಯಾಗಿ ಬರಲಿ ಅಂತ. ಆ ನೀರೇ ಬೂಷ್ಟಿಗೆ ಆಹ್ವಾನ. ಬೀಜದ ತೇವ ನೂರಕ್ಕೆ ಏಳೆಂಟಕ್ಕಿಂತ ಮೇಲಿರಬಾರದು.

"ನೀರು ಹಾಕದಿದ್ರೆ ಬೀಜ ಒಡೆದು ಬೇಳೆ ಆಗುತ್ತೆ ದೊಡ್ಡಪ್ಪ, ಮಂಡಿಯಲ್ಲಿ ಬೇಳೆಗೆ ರೇಟು ಕಡಿಮೆ," ಅಂದ ಹುಡುಗ.

"ಗಾಣಕ್ಕೆ ಇಡಿ ಬೀಜ ಯಾಕಪ್ಪ? ಒಡೆದಿದ್ದನ್ನೇ ಕಡಿಮೆ ರೇಟಿಗೆ ತಗೋ, ಬೇಗ ಆಡಿಸಿಬಿಡು."

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಮುಂದಿನ ಸುಗ್ಗಿಗೆ ರೈತರ ಹತ್ತಿರ ಒಣ ಕಾಯಿಯನ್ನೇ ನೇರ ತೆಗೆದುಕೊಂಡು, ನೀರು ಹಾಕದೆ ತಾನೇ ಮಿಷನ್ನಿನಲ್ಲಿ ಬಿಡಿಸತೊಡಗಿದ. ಗಾಣದ ಪಕ್ಕ ಎರಡು ಅಗಲವಾದ ತಟ್ಟೆ ಇಟ್ಟು, ಬೀಜ ಆರಿಸಲು ಊರಿನ ಇಬ್ಬರು ಹೆಂಗಸರನ್ನು ಕೂಲಿಗೆ ಹಾಕಿಕೊಂಡಿದ್ದಾನೆ. ಆರಿಸಿ ತೆಗೆದ ಕಪ್ಪು ಬೀಜವನ್ನು ಹಿಂಡಿಗೆ ಬೆರೆಸದೆ ಸುಟ್ಟುಬಿಡಬೇಕು ಎಂಬ ಷರತ್ತಿಗೂ ಒಪ್ಪಿದ್ದಾನೆ.